ನಕ್ಷೆಯ ಗೆರೆ ಅಳೆದು ನಮಗೆ ಸಮಯ ಹೇಳಬೇಡಿ

ಎರಡು ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರ, ಎಷ್ಟು ಹೊತ್ತು ಎಂದು ಜನರಿಗೆ ಹೇಳುವ ಎಲ್ಲರಿಗೂ: ವಿಮಾನಯಾನ ಸಂಸ್ಥೆಗಳಿಗೆ, ಟಿಕೆಟ್ ಮಾರುವವರಿಗೆ, ದೂರದ ಲೆಕ್ಕ ತೋರಿಸುವ ಆ್ಯಪ್‌ಗಳವರಿಗೆ, ಸಣ್ಣ ನಿಲ್ದಾಣಗಳನ್ನು ನಡೆಸುವವರಿಗೆ.

ನಮಸ್ಕಾರ.

ಎರಡು ಸಣ್ಣ ವಿಮಾನ ನಿಲ್ದಾಣಗಳ ಹೆಸರು ಕೊಟ್ಟು ದೂರ ಕೇಳಿದರೆ ನಿಮ್ಮಿಂದ ತಕ್ಷಣ ಉತ್ತರ ಬರುತ್ತದೆ. ‘247.38 ಕಿ.ಮೀ., ಹಾರಾಟದ ಸಮಯ 19 ನಿಮಿಷ’ ಅನ್ನುವ ತರಹದ ಉತ್ತರ. ನೋಡಿದವರಿಗೆ ಖುಷಿಯಾಗುತ್ತದೆ. ರಸ್ತೆಯಲ್ಲಿ ಅರ್ಧ ದಿನ ಹಿಡಿಯುವ ದಾರಿ, ವಿಮಾನದಲ್ಲಿ ಇಪ್ಪತ್ತೇ ನಿಮಿಷ! ಈ ಉತ್ತರದ ಬಗ್ಗೆಯೇ ನಾನು ನಿಮಗೆ ಬರೆಯುತ್ತಿದ್ದೇನೆ. ಇದರಲ್ಲಿರುವ ದೂರವನ್ನು ಯಾವ ವಿಮಾನವೂ ಹಾರುವುದಿಲ್ಲ. ಆ ಸಮಯದಲ್ಲಿ ಯಾವ ಪ್ರಯಾಣಿಕರೂ ತಲುಪುವುದಿಲ್ಲ. ಎಷ್ಟೋ ಸಲ ಆ ಎರಡು ಊರುಗಳ ನಡುವೆ ವಿಮಾನವೇ ಇರುವುದಿಲ್ಲ.

ದೊಡ್ಡ ನಗರಗಳ ನಡುವೆ ಓಡಾಡುವವರಿಗೆ ಈ ತಪ್ಪು ಅಷ್ಟಾಗಿ ತಟ್ಟುವುದಿಲ್ಲ. ದಿನಕ್ಕೆ ಹತ್ತಾರು ವಿಮಾನಗಳಿರುತ್ತವೆ, ಒಂದು ತಪ್ಪಿದರೆ ಇನ್ನೊಂದು. ಸಣ್ಣ ಊರಿನವರಿಗೆ ಹಾಗಲ್ಲ. ಆಸ್ಪತ್ರೆಯಲ್ಲಿ ಹತ್ತು ಗಂಟೆಗೆ ಡಾಕ್ಟರನ್ನು ಕಾಣಬೇಕಾದವರು, ಮಧ್ಯಾಹ್ನ ಸಂದರ್ಶನ ಇರುವವರು, ತೀರಿಕೊಂಡವರ ಮುಖ ನೋಡಲು ಹೊರಟವರು ನಿಮ್ಮ ಸಂಖ್ಯೆಯನ್ನು ನಂಬಿಯೇ ಮುಂದಿನ ಏರ್ಪಾಡು ಮಾಡಿಕೊಳ್ಳುತ್ತಾರೆ. ಅದಕ್ಕೇ ಸುಮ್ನೆ ಇರಲಾಗಲಿಲ್ಲ.

ಮೊದಲು ದೂರದ ವಿಷಯ. ನೀವು ಲೆಕ್ಕ ಹಾಕುವುದು ಮಹಾವೃತ್ತದ ದೂರ. ಗೋಳದ ಮೇಲೆ ಎರಡು ಚುಕ್ಕೆಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ಸಿಗುವ ಅತಿ ಕಡಿಮೆ ದೂರ ಅದು. ಪ್ರತಿ ನಿಲ್ದಾಣಕ್ಕೂ ಗೊತ್ತುಮಾಡಿದ ಒಂದು ಬಿಂದು ಇರುತ್ತದೆ. ಅದರ ಅಕ್ಷಾಂಶ, ರೇಖಾಂಶ ತೆಗೆದುಕೊಂಡು, ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಎಂದಿಟ್ಟುಕೊಂಡು ಸೂತ್ರಕ್ಕೆ ಹಾಕಿದರೆ ಉತ್ತರ ಸಿದ್ಧ. ಭೂಮಿ ಪೂರ್ತಿ ಗುಂಡಗಿಲ್ಲ. ಸಮಭಾಜಕದಲ್ಲಿ ತ್ರಿಜ್ಯ ಸುಮಾರು 6,378 ಕಿ.ಮೀ., ಧ್ರುವಗಳಲ್ಲಿ 6,357. ಇದರಿಂದ ಬರುವ ವ್ಯತ್ಯಾಸ ಹೆಚ್ಚೆಂದರೆ ನೂರಕ್ಕೆ ಅರ್ಧದಷ್ಟು. 250 ಕಿ.ಮೀ. ದಾರಿಗೆ ಒಂದು ಕಿಲೋಮೀಟರ್ ಆಚೀಚೆ ಆದೀತು. ಅದರ ಬಗ್ಗೆ ನನ್ನ ತಕರಾರಿಲ್ಲ. ಲೆಕ್ಕ ಸರಿಯಾಗಿಯೇ ಇದೆ.

ತಕರಾರು ಇರುವುದು ಆ ಎರಡು ದಶಮಾಂಶಗಳ ಬಗ್ಗೆ. ಕಿಲೋಮೀಟರಿನ ಎರಡನೇ ದಶಮಾಂಶ ಅಂದರೆ ಹತ್ತು ಮೀಟರ್. ಇಂಥ ಮಾರ್ಗಗಳಲ್ಲಿ ಹೆಚ್ಚಾಗಿ ಕಾಣುವ ಎಟಿಆರ್ 72 ವಿಮಾನದ ಉದ್ದವೇ 27 ಮೀಟರ್. ರನ್‌ವೇ ಒಂದೂವರೆ, ಎರಡು ಕಿಲೋಮೀಟರ್ ಇರುತ್ತದೆ. ವಿಮಾನ ಅದರ ಯಾವ ತುದಿಯಿಂದ ಏರುತ್ತದೆ ಅನ್ನುವುದು ಗಾಳಿಯ ದಿಕ್ಕಿನ ಮೇಲೆ ನಿಂತಿದೆ. ಹೀಗಿರುವಾಗ ಹತ್ತು ಮೀಟರ್ ಲೆಕ್ಕಕ್ಕೆ ಅರ್ಥವಿಲ್ಲ. ಆದರೆ ಓದುವವರಿಗೆ ದಶಮಾಂಶ ಕಂಡರೆ ನಂಬಿಕೆ ಬಲವಾಗುತ್ತದೆ, ಯಾರೋ ಅಳೆದು ನೋಡಿದ್ದಾರೆ ಅನ್ನಿಸುತ್ತದೆ. ಪಕ್ಕದಲ್ಲಿರುವ ಸಮಯವನ್ನೂ ಅಷ್ಟೇ ಗಟ್ಟಿಯಾಗಿ ನಂಬುತ್ತಾರೆ. ದಯವಿಟ್ಟು ‘ಸುಮಾರು 250 ಕಿ.ಮೀ.’ ಅನ್ನಿ, ಸಾಕು. ಹಾಗೆಯೇ ಮೈಲಿ ಎಂದು ಬರೆದರೆ ಯಾವ ಮೈಲಿ ಎಂದೂ ಹೇಳಿ. ರಸ್ತೆಯ ಮೈಲಿ 1.609 ಕಿ.ಮೀ., ವಿಮಾನದವರು ಬಳಸುವ ನಾಟಿಕಲ್ ಮೈಲಿ 1.852 ಕಿ.ಮೀ. 250 ಎನ್ನುವ ಒಂದೇ ಅಂಕಿ ಒಂದರಲ್ಲಿ 402 ಕಿ.ಮೀ. ಆಗುತ್ತದೆ, ಇನ್ನೊಂದರಲ್ಲಿ 463.

ವಿಮಾನಗಳು ಈ ಗೆರೆಯ ಮೇಲೆ ಹಾರುವುದಿಲ್ಲ ಎಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯೇ ಒಪ್ಪಿಕೊಂಡಿದೆ. ವಿಮಾನ ಉಗುಳುವ ಇಂಗಾಲದ ಡೈಆಕ್ಸೈಡ್ ಲೆಕ್ಕ ಹಾಕುವ ಅದರ ವಿಧಾನದಲ್ಲಿ ಮಹಾವೃತ್ತದ ದೂರಕ್ಕೆ ಒಂದಿಷ್ಟು ಸೇರಿಸುತ್ತಾರೆ. 550 ಕಿ.ಮೀ.ಗಿಂತ ಕಡಿಮೆಯಿದ್ದರೆ 50 ಕಿ.ಮೀ., ಅದಕ್ಕಿಂತ ಜಾಸ್ತಿ, 5,500ರ ತನಕ 100, ಅದರಾಚೆಗೆ 125. ಹಾರುವ ದಾರಿ ಸುತ್ತು ಬಳಸಿ ಹೋಗುತ್ತದೆ, ನಿಲ್ದಾಣದ ಹತ್ತಿರ ಕಾಯಬೇಕಾಗುತ್ತದೆ, ಹವಾಮಾನ ಕೆಟ್ಟಾಗ ದಾರಿ ಬದಲಿಸಬೇಕಾಗುತ್ತದೆ, ಅದಕ್ಕೆ. ಒಮ್ಮೆ ಗಮನಿಸಿ: 5,000 ಕಿ.ಮೀ. ಹಾರುವವರಿಗೆ ಆ ನೂರು ಕಿಲೋಮೀಟರ್ ನೂರಕ್ಕೆ ಎರಡು. 250 ಕಿ.ಮೀ. ಹಾರುವವರಿಗೆ ಐವತ್ತು ಅಂದರೆ ಐದರಲ್ಲಿ ಒಂದು ಪಾಲು. ದಾರಿ ಸಣ್ಣದಾದಷ್ಟೂ ನಿಮ್ಮ ಸಂಖ್ಯೆ ಜಾಸ್ತಿ ಸುಳ್ಳಾಗುತ್ತದೆ.

ಎಷ್ಟು ಸುಳ್ಳಾಗಬಹುದು ಎಂಬುದಕ್ಕೆ ನೇಪಾಳದ ಪೊಖರಾ ಮತ್ತು ಜೋಮ್‌ಸೋಮ್ ನೋಡಿ. ನಡುವಿನ ನೇರ ದೂರ ಸುಮಾರು 70 ಕಿ.ಮೀ. ನಕ್ಷೆಯಲ್ಲಿ ಆ ಗೆರೆ ಎಳೆದರೆ ಅದು ಹೋಗುವುದು 8,091 ಮೀಟರ್ ಎತ್ತರದ ಅನ್ನಪೂರ್ಣ ಪರ್ವತದ ಮೇಲೆ. ಅಲ್ಲಿ ಹಾರುವ ಹತ್ತೊಂಬತ್ತು ಸೀಟಿನ ಟ್ವಿನ್ ಆಟರ್ ತರಹದ ಪುಟ್ಟ ವಿಮಾನಗಳು ಪರ್ವತವನ್ನು ಬಳಸಿಕೊಂಡು, ಅನ್ನಪೂರ್ಣ ಮತ್ತು ಧವಲಗಿರಿಗಳ ನಡುವಿನ ಕಾಳಿ ಗಂಡಕಿ ಕಣಿವೆಯೊಳಗೆ ನುಗ್ಗಿ ಹೋಗುತ್ತವೆ. ಹಾರಾಟ ಇಪ್ಪತ್ತು ನಿಮಿಷದ ಆಸುಪಾಸು. ಆದರೆ ಅದೂ ಬೆಳಗಿನ ಹೊತ್ತು ಮಾತ್ರ. ಹೊತ್ತು ಏರಿದ ಹಾಗೆ ಆ ಕಣಿವೆಯಲ್ಲಿ ಗಾಳಿ ಎಷ್ಟು ಜೋರಾಗುತ್ತದೆ ಎಂದರೆ ವಿಮಾನ ಇಳಿಸುವಂತಿಲ್ಲ. ಹಾಗಾಗಿ ಮಧ್ಯಾಹ್ನ ಎರಡು ಗಂಟೆಗೆ ಪೊಖರಾದಲ್ಲಿ ನಿಂತವರಿಗೆ ಜೋಮ್‌ಸೋಮ್ ವಿಮಾನದಲ್ಲಿ ಇಪ್ಪತ್ತು ನಿಮಿಷದ ದೂರದಲ್ಲಿಲ್ಲ, ನಾಳೆ ಬೆಳಗಿನ ದೂರದಲ್ಲಿದೆ. ಈ ಮಾತು ನಿಮ್ಮ ಉತ್ತರದಲ್ಲಿ ಎಲ್ಲಿದೆ?

ಇನ್ನು ಸಮಯ. ನನಗೆ ಜಾಸ್ತಿ ಬೇಸರ ಇರುವುದು ಇಲ್ಲಿ. ನಿಮ್ಮಲ್ಲಿ ಹಲವರು ದೂರವನ್ನು ಗಂಟೆಗೆ 800 ಕಿ.ಮೀ.ಯಿಂದ ಭಾಗಿಸಿಬಿಡುತ್ತೀರಿ. ಅದು ದೊಡ್ಡ ಜೆಟ್ ವಿಮಾನ ಮೇಲೆ ಏರಿ ಸ್ಥಿರವಾದ ಮೇಲೆ ಹಾರುವ ವೇಗ, ಅಂದರೆ ಕ್ರೂಸ್ ವೇಗ. ಸಣ್ಣ ನಿಲ್ದಾಣಗಳ ನಡುವೆ ಓಡುವುದು ಬಹುಪಾಲು ಪ್ರೊಪೆಲ್ಲರ್ ಇರುವ ಟರ್ಬೊಪ್ರಾಪ್ ವಿಮಾನಗಳು. ಎಟಿಆರ್ 72ರ ಗರಿಷ್ಠ ಕ್ರೂಸ್ ವೇಗವೇ ಗಂಟೆಗೆ ಸುಮಾರು 510 ಕಿ.ಮೀ. ಇದು ಆ ವಿಮಾನದ ಕೊರತೆ ಅಂತ ಯಾರೂ ತಿಳಿಯಬೇಕಿಲ್ಲ. ಗಿಡ್ಡ ರನ್‌ವೇಯಲ್ಲಿ ಏರಿ ಇಳಿಯಲು, ಕಡಿಮೆ ಇಂಧನದಲ್ಲಿ ಎಪ್ಪತ್ತು ಜನರನ್ನು ಒಯ್ಯಲು ಅದೇ ಸರಿ. ಸಣ್ಣ ಊರುಗಳಿಗೆ ವಿಮಾನ ಬಂದಿರುವುದೇ ಅಂಥ ವಿಮಾನಗಳಿಂದ. ಆದರೆ ಅದಕ್ಕೆ ಜೆಟ್ಟಿನ ವೇಗ ಹಾಕಿ ಲೆಕ್ಕ ಮಾಡಬಾರದು, ಅಲ್ವಾ?

ಅದರ ಸ್ವಂತ ವೇಗ ಹಾಕಿದರೂ ಲೆಕ್ಕ ಮುಗಿಯಲಿಲ್ಲ. ಇಳಿಯುವಾಗ ಪ್ರತಿ 1,000 ಅಡಿಗೆ ಮೂರು ನಾಟಿಕಲ್ ಮೈಲಿ ಬೇಕು ಎಂಬುದು ಪೈಲಟ್‌ಗಳ ಬಾಯಿಲೆಕ್ಕ. 17,000 ಅಡಿಯಿಂದ ಇಳಿಯಬೇಕಾದರೆ ಗುರಿಗೆ ಇನ್ನೂ 50 ನಾಟಿಕಲ್ ಮೈಲಿ, ಅಂದರೆ 90–95 ಕಿ.ಮೀ. ಇರುವಾಗಲೇ ಮೂಗು ತಗ್ಗಿಸಬೇಕು. ಏರಲು ಹೆಚ್ಚೂಕಡಿಮೆ ಅಷ್ಟೇ ದೂರ ಹೋಗುತ್ತದೆ, ಮತ್ತು ಏರುವಾಗ ವೇಗ ಕಡಿಮೆ. 250 ಕಿ.ಮೀ. ದಾರಿಯಲ್ಲಿ ಪೂರ್ತಿ ವೇಗದಲ್ಲಿ ಮಟ್ಟಸವಾಗಿ ಹಾರುವುದು ಮೂರರಲ್ಲಿ ಒಂದು ಪಾಲೂ ಉಳಿದರೆ ಹೆಚ್ಚು. ಸೀಟ್ ಬೆಲ್ಟ್ ದೀಪ ಆರಿತು ಅನ್ನುವಷ್ಟರಲ್ಲಿ ಮತ್ತೆ ಹೊತ್ತಿಕೊಳ್ಳುವುದು ಇದಕ್ಕೇ.

ನೆಲದ ಮೇಲಿನ ಹೊತ್ತನ್ನು ನೀವು ಪೂರ್ತಿ ಮರೆತಿದ್ದೀರಿ. ಸಣ್ಣ ನಿಲ್ದಾಣದಿಂದ ಹೊರಟವರಿಗೆ ಈ ದೃಶ್ಯ ಗೊತ್ತಿರುತ್ತದೆ. ಬಾಗಿಲು ಮುಚ್ಚುತ್ತದೆ, ಪ್ರೊಪೆಲ್ಲರ್ ಒಂದೊಂದಾಗಿ ತಿರುಗತೊಡಗುತ್ತದೆ, ವಿಮಾನ ನಿಧಾನವಾಗಿ ರನ್‌ವೇಗೆ ಬರುತ್ತದೆ. ಈಗ ಏರುತ್ತದೆ ಅಂದುಕೊಂಡರೆ ಏರುವುದಿಲ್ಲ. ರನ್‌ವೇಯ ಪಕ್ಕದಲ್ಲಿ ಸಮನಾಗಿ ಓಡುವ ಟ್ಯಾಕ್ಸಿವೇ ಅಲ್ಲಿಲ್ಲ. ಹಾಗಾಗಿ ವಿಮಾನ ರನ್‌ವೇಯ ಮೇಲೆಯೇ, ಏರಬೇಕಾದ ದಿಕ್ಕಿಗೆ ಬೆನ್ನು ಹಾಕಿ, ಕೊನೆಯವರೆಗೂ ಉರುಳಿಕೊಂಡು ಹೋಗುತ್ತದೆ. ಕಿಟಕಿಯ ಆಚೆ ರನ್‌ವೇ ಅಂಚಿನ ದೀಪಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ. ತುದಿಯಲ್ಲಿ ಅಗಲ ಮಾಡಿರುವ ಜಾಗದಲ್ಲಿ ಒಂದು ಚಕ್ರದ ಮೇಲೆ ನಿಂತಂತೆ ಅರ್ಧ ಸುತ್ತು ತಿರುಗಿ, ಬಂದ ದಾರಿಯನ್ನೇ ಎದುರು ಮಾಡಿಕೊಂಡು ನಿಲ್ಲುತ್ತದೆ. ಇದಕ್ಕೆ ಬ್ಯಾಕ್‌ಟ್ರ್ಯಾಕ್ ಎನ್ನುತ್ತಾರೆ. ಅಷ್ಟು ಹೊತ್ತು ರನ್‌ವೇ ಬೇರೆ ಯಾರಿಗೂ ಸಿಗುವುದಿಲ್ಲ. ಇನ್ನೊಂದು ವಿಮಾನ ಇಳಿಯುವುದಿದ್ದರೆ ಅದು ಮೇಲೆ ಸುತ್ತು ಹಾಕುತ್ತದೆ, ಅಥವಾ ನೀವು ಕೆಳಗೆ ಕಾಯುತ್ತೀರಿ. 19 ನಿಮಿಷದ ಲೆಕ್ಕದಲ್ಲಿ ಒಂದು ದೊಡ್ಡ ಪಾಲು ಇಲ್ಲೇ ಖಾಲಿಯಾಗಿರುತ್ತದೆ.

ಗಾಳಿಯ ಮಾತನ್ನೂ ಸೇರಿಸಬೇಕು. ವಿಮಾನ ಏರುವುದು, ಇಳಿಯುವುದು ಎದುರುಗಾಳಿಗೆ. ನೀವು ಹೋಗುವುದು ಪೂರ್ವಕ್ಕೆ, ಗಾಳಿ ಬೀಸುವುದು ಪಶ್ಚಿಮದಿಂದ ಎಂದಿಟ್ಟುಕೊಳ್ಳಿ. ವಿಮಾನ ಪಶ್ಚಿಮಕ್ಕೆ ಮುಖ ಮಾಡಿ ಏರಿ, ಆಮೇಲೆ ತಿರುಗಬೇಕು. ಆ ಕಡೆ ನಿಲ್ದಾಣವನ್ನು ದಾಟಿ ಹೋಗಿ ಮತ್ತೆ ಹಿಂದಕ್ಕೆ ಬಂದು ಇಳಿಯಬೇಕು. ಮೇಲಿನ ಗಾಳಿಯೂ ಲೆಕ್ಕಕ್ಕೆ ಬರುತ್ತದೆ. ಗಂಟೆಗೆ 500 ಕಿ.ಮೀ. ವೇಗದ ವಿಮಾನಕ್ಕೆ ಗಂಟೆಗೆ 60 ಕಿ.ಮೀ. ಗಾಳಿ ಎದುರಿಗಿದ್ದರೆ 250 ಕಿ.ಮೀ.ಗೆ 34 ನಿಮಿಷ, ಬೆನ್ನಿಗಿದ್ದರೆ 27. ಹೋಗುವ ಹೊತ್ತು, ಬರುವ ಹೊತ್ತು ಬೇರೆ ಬೇರೆ ಆಗುವುದು ಹೀಗೆ. ನೀವು ಎರಡಕ್ಕೂ ಒಂದೇ ಸಂಖ್ಯೆ ಕೊಡುತ್ತೀರಿ.

ಇದೆಲ್ಲ ಸೇರಿಸಿದ ಸಮಯ ಒಂದು ಆಗಲೇ ಇದೆ. ವಿಮಾನಯಾನದವರು ಅದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ಹೊರಡುವ ಕಡೆ ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ, ಆ ಕಡೆ ತನ್ನ ಜಾಗದಲ್ಲಿ ನಿಂತು ಚಕ್ರಕ್ಕೆ ಅಡ್ಡಿ ಕೊಡುವ ತನಕದ ಹೊತ್ತು. ಟಿಕೆಟ್ ಮೇಲೆ ಹೊರಡುವ, ತಲುಪುವ ವೇಳೆ ಎಂದು ಬರೆಯುವುದು ಇದನ್ನೇ. ಟರ್ಬೊಪ್ರಾಪ್‌ನಲ್ಲಿ 250 ಕಿ.ಮೀ.ಗೆ ಅದು ಒಂದು ಗಂಟೆಯ ಹತ್ತಿರ ಬರುತ್ತದೆ. ನಿಮ್ಮ 19 ನಿಮಿಷದ ಮೂರು ಪಟ್ಟು. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ 1967ರಿಂದ ಲೋಗನ್‌ಏರ್ ವಿಮಾನ ಓಡಿಸುತ್ತಿದೆ. ದೂರ 2.7 ಕಿ.ಮೀ. ಜಗತ್ತಿನ ಅತಿ ಚಿಕ್ಕ ನಿಗದಿತ ವಿಮಾನಯಾನ ಅದು. ಗಾಳಿ ಅನುಕೂಲವಾಗಿದ್ದ ಒಂದು ದಿನ 53 ಸೆಕೆಂಡಿನಲ್ಲಿ ದಾಟಿದ ದಾಖಲೆಯೂ ಇದೆ. ಆದರೂ ವೇಳಾಪಟ್ಟಿಯಲ್ಲಿ ಎರಡು ನಿಮಿಷ ಎಂದೇ ಹಾಕುತ್ತಾರೆ. ದಿನವೂ ಹಾರುವವರು ದಾಖಲೆ ನೋಡಿ ವೇಳಾಪಟ್ಟಿ ಬರೆಯುವುದಿಲ್ಲ.

ವಿಮಾನ ಓಡಿಸುವವರು ಈ ಒಂಟಿ ಸಂಖ್ಯೆಯನ್ನು ಎಂದೂ ನಂಬುವುದಿಲ್ಲ. ಹೊರಡುವ ಮೊದಲು ಇಂಧನದ ಲೆಕ್ಕ ಹೇಗೆ ಹಾಕುತ್ತಾರೆ ನೋಡಿ. ಗುರಿ ತಲುಪಲು ಬೇಕಾದಷ್ಟು, ಅದರ ಮೇಲೆ ಸಾಮಾನ್ಯವಾಗಿ ನೂರಕ್ಕೆ ಐದರಷ್ಟು ಅನಿರೀಕ್ಷಿತಕ್ಕೆ. ಅಲ್ಲಿ ಇಳಿಯಲಾಗದಿದ್ದರೆ ಬೇರೆ ನಿಲ್ದಾಣಕ್ಕೆ ಹೋಗಲು ಇನ್ನಷ್ಟು. ಅದೂ ಆದ ಮೇಲೆ ಮೂವತ್ತು ನಿಮಿಷ ಸುತ್ತು ಹಾಕಲು ಕೊನೆಯ ಮೀಸಲು. ಇಪ್ಪತ್ತು ನಿಮಿಷದ ಹಾರಾಟಕ್ಕೂ ಈ ನಿಯಮವೇ. ಕಾಕ್‌ಪಿಟ್‌ನಲ್ಲಿ ಕೂತವರಿಗೆ ‘ತಲುಪದೇ ಹೋದರೆ’ ಎಂಬ ಲೆಕ್ಕ ಕೊಟ್ಟಿರುವಾಗ ಹಿಂದೆ ಕೂತವರಿಗೆ ಅದರ ಒಂದು ಸಾಲನ್ನೂ ಹೇಳದಿರುವುದು ನ್ಯಾಯವಲ್ಲ.

ಯಾಕೆಂದರೆ ತಲುಪದೇ ಹೋಗುವ ದಿನಗಳು ಸಣ್ಣ ನಿಲ್ದಾಣಗಳಲ್ಲೇ ಜಾಸ್ತಿ. ಹಲವು ಕಡೆ ಮಂಜಿನಲ್ಲಿ ವಿಮಾನವನ್ನು ರನ್‌ವೇಗೆ ನೇರವಾಗಿ ಕರೆದು ತರುವ ಐಎಲ್‌ಎಸ್ ಉಪಕರಣ ಇರುವುದಿಲ್ಲ. ಕೆಲವು ಕಡೆ ರಾತ್ರಿ ಇಳಿಯುವ ವ್ಯವಸ್ಥೆ ಇಲ್ಲ, ಸಂಜೆಯಾದರೆ ನಿಲ್ದಾಣವೇ ಮುಚ್ಚುತ್ತದೆ. ಇದಕ್ಕೆ ಇನ್ನೊಂದು ಸೇರಿಕೊಳ್ಳುತ್ತದೆ. ಒಂದೇ ವಿಮಾನ ಬೆಳಗಿನಿಂದ ಸಂಜೆವರೆಗೆ ಊರಿಂದೂರಿಗೆ ಆರೇಳು ಸಲ ಹಾರುತ್ತದೆ. ನಡುವೆ ಇಳಿಸಿ ಹತ್ತಿಸಲು ಅರ್ಧ ಗಂಟೆ. ಬೆಳಿಗ್ಗೆ ಮೊದಲ ಊರಿನಲ್ಲಿ ಮಂಜಿಗೆ ನಲವತ್ತು ನಿಮಿಷ ತಡವಾದರೆ ಆ ತಡ ಮುಂದಿನ ಎಲ್ಲ ಊರುಗಳಿಗೂ ಬರುತ್ತದೆ. ಕೊನೆಯ ಊರಿನ ನಿಲ್ದಾಣ ಐದೂವರೆಗೆ ಮುಚ್ಚುವುದಾದರೆ, ಅಲ್ಲಿಯವರಿಗೆ ವಿಮಾನ ತಡವಾಗುವುದಿಲ್ಲ, ರದ್ದೇ ಆಗುತ್ತದೆ. ವಾರಕ್ಕೆ ಮೂರು ದಿನ ಮಾತ್ರ ಓಡುವ ಮಾರ್ಗವಾದರೆ ಮುಂದಿನದು ನಾಡಿದ್ದು. ಬೆಳಿಗ್ಗೆ ಬಿಸಿಲಿರುವ ಊರಿನಲ್ಲಿ ಕೂತವರಿಗೆ, ತಮ್ಮ ವಿಮಾನ ಎಲ್ಲೋ ಇನ್ನೊಂದು ಊರಿನ ಮಂಜಿನಿಂದ ನಿಂತಿದೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ‘ಕಾರ್ಯಾಚರಣೆಯ ಕಾರಣ’ ಎಂಬ ಒಂದು ಮಾತು ಬರುತ್ತದೆ, ಅಷ್ಟೇ.

ನನ್ನ ಪರಿಚಯದ ಒಬ್ಬ ಹಿರಿಯರು ಹೀಗೇ ಸಿಕ್ಕಿಕೊಂಡರು. ಸಣ್ಣ ನಿಲ್ದಾಣದಿಂದ ಮುಂದಿನ ದೊಡ್ಡ ವಿಮಾನ ಹಿಡಿಯಲು ಹೊರಟವರು. ಎಲ್ಲೋ ನೋಡಿದ ಹಾರಾಟದ ಸಮಯವನ್ನು ನಂಬಿ ಎರಡನೇ ಟಿಕೆಟನ್ನು ಬೇರೆಯಾಗಿ, ಬೇರೆ ಸಂಸ್ಥೆಯಲ್ಲಿ ತೆಗೆದಿದ್ದರು. ಮೊದಲ ವಿಮಾನ ತಡವಾಯಿತು, ಎರಡನೆಯದು ಹೋಯಿತು. ಟಿಕೆಟ್‌ಗಳು ಬೇರೆ ಬೇರೆ, ಹಾಗಾಗಿ ಎರಡೂ ಕಡೆಯವರು ಕೈತೊಳೆದುಕೊಂಡರು. ವಿಮಾನ ತಡವಾದದ್ದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಅವರು ಇಟ್ಟುಕೊಂಡ ಅಂತರ ಸಾಲದು ಎಂದು ಆ ಸಮಯದ ಪಕ್ಕದಲ್ಲೇ ಒಂದು ಮಾತು ಇದ್ದಿದ್ದರೆ ಅವರು ಹಿಂದಿನ ದಿನವೇ ಹೊರಡುತ್ತಿದ್ದರು.

ಇನ್ನು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ: ಆ ಎರಡು ಊರುಗಳ ನಡುವೆ ವಿಮಾನ ಇದೆಯೇ? ಸ್ವಿಟ್ಜರ್‌ಲೆಂಡಿನ ಆಲ್ಟೆನ್‌ರೈನ್ ಮತ್ತು ಜರ್ಮನಿಯ ಫ್ರೀಡ್ರಿಕ್ಸ್‌ಹಾಫೆನ್ ಎಂಬ ಎರಡು ಸಣ್ಣ ನಿಲ್ದಾಣಗಳು ಒಂದೇ ಸರೋವರದ ಎರಡು ದಡದಲ್ಲಿವೆ. ನಡುವೆ ಸುಮಾರು 20 ಕಿ.ಮೀ. 2016ರಲ್ಲಿ ಅಲ್ಲಿ ಎಂಟು ನಿಮಿಷದ ವಿಮಾನ ಶುರುವಾಗಿ, ಜಗತ್ತಿನ ಅತಿ ಚಿಕ್ಕ ಅಂತರರಾಷ್ಟ್ರೀಯ ಹಾರಾಟ ಎಂದು ಹೆಸರಾಯಿತು. 2017ರಲ್ಲೇ ನಿಂತುಹೋಯಿತು. ದೂರ ಇಂದಿಗೂ ಅಷ್ಟೇ ಇದೆ. ಸೂತ್ರಕ್ಕೆ ಹಾಕಿದರೆ ಇಂದಿಗೂ ನಿಮಿಷದ ಉತ್ತರ ಬರುತ್ತದೆ, ವಿಮಾನ ಮಾತ್ರ ಇಲ್ಲ. ಸಣ್ಣ ಮಾರ್ಗಗಳ ಹಣೆಬರಹ ಬಹುತೇಕ ಇದೇ. ಶುರುವಾಗುತ್ತವೆ, ಕೆಲವು ತಿಂಗಳು ಓಡುತ್ತವೆ, ಸೀಟು ತುಂಬದೆ ನಿಲ್ಲುತ್ತವೆ.

ನೇರ ವಿಮಾನ ಇಲ್ಲದಿದ್ದರೆ ದೊಡ್ಡ ನಗರದ ಮೂಲಕವೇ ಹೋಗಬೇಕು. 150 ಕಿ.ಮೀ. ಅಂತರದ ಎರಡು ಊರು, ಎರಡರಿಂದಲೂ 400 ಕಿ.ಮೀ. ದೂರದಲ್ಲಿ ದೊಡ್ಡ ನಿಲ್ದಾಣ ಎಂದಿಟ್ಟುಕೊಳ್ಳಿ. ಒಂದೂಕಾಲು ಗಂಟೆಯ ಎರಡು ಹಾರಾಟ, ನಡುವೆ ಎರಡು ಮೂರು ಗಂಟೆ ಕಾಯುವುದು, ಹೊರಡುವ ಮೊದಲು ಒಂದು ಗಂಟೆ ಮುಂಚೆ ಬಂದು ಕೂರುವುದು, ಇಳಿದ ಮೇಲೆ ಸಾಮಾನಿಗೆ ನಿಲ್ಲುವುದು. ಆರೇಳು ಗಂಟೆ ಕಳೆಯುತ್ತದೆ. ರಸ್ತೆಯಲ್ಲಿ ಹೊರಟಿದ್ದರೆ ಮೂರು ನಾಲ್ಕು ಗಂಟೆಯಲ್ಲಿ ಮುಟ್ಟುತ್ತಿದ್ದರು. ಅಂಥ ಜೋಡಿಗೂ ನೀವು ‘11 ನಿಮಿಷ’ ಎಂದು ತೋರಿಸುತ್ತೀರಿ. ನಿಲ್ದಾಣದ ಹೆಸರು ನಂಬಿ ಮೋಸಹೋಗುವವರೂ ಇದ್ದಾರೆ. ಫ್ರಾಂಕ್‌ಫರ್ಟ್–ಹಾನ್ ಎಂಬ ನಿಲ್ದಾಣ ಫ್ರಾಂಕ್‌ಫರ್ಟ್ ನಗರದಿಂದ 120 ಕಿ.ಮೀ. ದೂರದಲ್ಲಿದೆ. ಇಳಿದ ಮೇಲೆ ಉಳಿಯುವ ದಾರಿಯೂ ಪ್ರಯಾಣವೇ ತಾನೆ?

ಮಹಾವೃತ್ತದ ದೂರ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಅದರದೇ ಕೆಲಸ ಇದೆ. ಯುರೋಪಿನಲ್ಲಿ ವಿಮಾನ ರದ್ದಾದರೆ, ತುಂಬಾ ತಡವಾದರೆ ಸಿಗುವ ಪರಿಹಾರವನ್ನು 2004ರ ನಿಯಮ ಈ ದೂರದ ಮೇಲೆಯೇ ಗೊತ್ತುಮಾಡುತ್ತದೆ. ರೋಮ್‌ನಿಂದ ಬ್ರಸೆಲ್ಸ್ ಮೂಲಕ ಹ್ಯಾಂಬರ್ಗ್‌ಗೆ ಹೋದವರ ಮೊಕದ್ದಮೆಯಲ್ಲಿ ಯುರೋಪಿನ ನ್ಯಾಯಾಲಯ 2017ರಲ್ಲಿ ತೀರ್ಪು ಕೊಟ್ಟಿತು. ಸುತ್ತಿ ಹಾರಿದ ದೂರ ಎಷ್ಟೇ ಇರಲಿ, ಲೆಕ್ಕಕ್ಕೆ ಹೊರಟ ಊರು ಮತ್ತು ಕೊನೆಯ ಊರಿನ ನಡುವಿನ ನೇರ ದೂರವೇ ಎಂದಿತು. ಕಾಯಿದೆಗೆ ಅಲುಗಾಡದ ಒಂದು ಅಳತೆ ಬೇಕು, ಅದು ಸರಿ. ಪ್ರಯಾಣಿಕರು ನಿಮ್ಮನ್ನು ಕೇಳುವುದು ಬೇರೆ: ನಾನು ಎಷ್ಟು ಹೊತ್ತಿಗೆ ಮುಟ್ಟುತ್ತೇನೆ?

ಹಾಗಾಗಿ ನನ್ನ ಕೋರಿಕೆ ಇಷ್ಟು. ಎರಡು ನಿಲ್ದಾಣಗಳ ಹೆಸರು ಬಂದ ಕೂಡಲೇ ಮೊದಲ ಸಾಲಿನಲ್ಲಿ, ನೇರ ವಿಮಾನ ಇದೆಯೋ ಇಲ್ಲವೋ, ಇದ್ದರೆ ವಾರದಲ್ಲಿ ಯಾವ ಯಾವ ದಿನ ಎಂದು ಹೇಳಿ. ದೂರಕ್ಕೆ ‘ನೇರ ದೂರ, ಸುಮಾರು’ ಎಂದು ಸೇರಿಸಿ. ಸಮಯ ಕೊಡುವುದಾದರೆ ಆ ಮಾರ್ಗದಲ್ಲಿ ನಿಜವಾಗಿ ಓಡುವ ವಿಮಾನದ ಬ್ಲಾಕ್ ಟೈಮ್ ಕೊಡಿ, ಅದು ಯಾವ ವಿಮಾನ ಎಂಬುದನ್ನೂ ಬರೆಯಿರಿ. ವಿಮಾನವೇ ಇಲ್ಲದ ಜೋಡಿಗೆ ನಿಮಿಷದ ಲೆಕ್ಕ ತೋರಿಸಲೇಬೇಡಿ. ಅದರ ಬದಲು ಯಾವ ಊರಿನ ಮೂಲಕ ಹೋಗಬಹುದು, ಒಟ್ಟು ಎಷ್ಟು ಗಂಟೆ ಎಂದು ಹೇಳಿ. ರಸ್ತೆ, ರೈಲಿನ ಹೊತ್ತನ್ನು ಪಕ್ಕದಲ್ಲೇ ಇಟ್ಟರೆ ಇನ್ನೂ ಒಳ್ಳೆಯದು.

ವಿಮಾನಯಾನ ಸಂಸ್ಥೆಯವರಿಗೆ ಒಂದು ಮಾತು. ನಿಗದಿತ ವೇಳೆಗಿಂತ ಹದಿನೈದು ನಿಮಿಷದೊಳಗೆ ಬಂದರೆ ‘ಸರಿಯಾದ ವೇಳೆಗೆ’ ಎಂದು ಎಣಿಸುವುದು ಈ ಉದ್ಯಮದ ರೂಢಿ. ಮುಕ್ಕಾಲು ಗಂಟೆಯ ದಾರಿಗೆ ಅದು ಮೂರರಲ್ಲಿ ಒಂದು ಪಾಲು. ಸಣ್ಣ ಮಾರ್ಗಗಳಲ್ಲಿ ಎಷ್ಟು ಸಲ ಹಾರಿದಿರಿ, ಎಷ್ಟು ಸಲ ರದ್ದಾಯಿತು ಎಂಬುದನ್ನು ಮಾರ್ಗವಾರಾಗಿ, ತಿಂಗಳುವಾರಾಗಿ ಜನರಿಗೆ ತೋರಿಸಿ. ಆ ಅಂಕಿಗಳು ನಿಮ್ಮ ಹತ್ತಿರ ಇದ್ದೇ ಇವೆ. ಮಂಜಿನ ತಿಂಗಳು ಯಾವುದು ಎಂದು ಮೊದಲೇ ಗೊತ್ತಿದ್ದರೆ ನಾವು ಒಂದು ದಿನ ಮುಂಚೆ ಹೊರಡುತ್ತೇವೆ. ನಿಲ್ದಾಣ ನಡೆಸುವವರು, ನಿಮ್ಮ ನಿಲ್ದಾಣ ಎಷ್ಟು ಹೊತ್ತಿಗೆ ತೆರೆದು ಎಷ್ಟು ಹೊತ್ತಿಗೆ ಮುಚ್ಚುತ್ತದೆ, ರಾತ್ರಿ ಇಳಿಯುವ ವ್ಯವಸ್ಥೆ ಇದೆಯೇ ಎಂಬುದನ್ನು ಪೈಲಟ್‌ಗಳ ಕೈಪಿಡಿಯಲ್ಲಿ ಬರೆದಿರುತ್ತೀರಿ. ಅದೇ ಮಾಹಿತಿಯನ್ನು ಎರಡು ಸಾಲಿನಲ್ಲಿ ನಮಗೂ ಕೊಡಿ.

ಇದರಲ್ಲಿ ಎಲ್ಲವನ್ನೂ ಒಂದೇ ಸಲಕ್ಕೆ ಮಾಡಲಾಗದು, ಗೊತ್ತು. ಮೊದಲು ‘ನೇರ ವಿಮಾನ ಇಲ್ಲ’ ಎಂಬ ಸಾಲನ್ನು ಹಾಕಿಬಿಡಿ. ಅದಕ್ಕೆ ಹೊಸ ಸೂತ್ರ ಬೇಕಿಲ್ಲ, ವೇಳಾಪಟ್ಟಿ ನೋಡಿದರೆ ಸಾಕು.

ಇಂತಿ,
ಸಣ್ಣ ನಿಲ್ದಾಣಗಳಿಂದ ಹೊರಡುವ ಒಬ್ಬ ಪ್ರಯಾಣಿಕ